ಬಾಳಿನ ಆಶೆಗಳ ಪಟ್ಟಿ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಮಾತನಾಡಬೇಕೆಂದು ಅಪ್ಪಣೆಯಾದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ನಾನು ಬಹಳ ಯೋಚಿಸಿದೆನು. ಶಾಸ್ತ್ರವಿಚಾರಗಳನ್ನು ಹೇಳತಕ್ಕ ಪಂಡಿತರು ಇಲ್ಲಿ ಅನೇಕರಿದ್ದಾರೆ. ನಾನಾದರೋ ಮೂವತ್ತು ವರ್ಷ ಹಳ್ಳಿಪಟ್ಟಣಗಳ ಹುಡುಗರಿಗೆ ಪಾಠ ಹೇಳಿ ವಿಶ್ರಾಂತಿ ಪಡೆದವನು. ಇಂಥ ಮಹೋತ್ಸವವೆಂಬುದು ಒಂದು ಸಂಸ್ಥೆಯು ತಾನು ಸಂಕಲ್ಪಿಸಿದುದೇನು, ಸಾಧಿಸಿದುದೇನು, ಉಳಿದುದೇನು ಎಂದು ಲೆಕ್ಕ ನೋಡಿಕೊಳ್ಳುವ ಸಮಯವಷ್ಟೆ. ಸಂಸ್ಥೆಗೆ ಒಪ್ಪುವ ಈ ಲೆಕ್ಕವು ಒಬ್ಬೊಬ್ಬ ಮನುಷ್ಯನಿಗೂ ಏಕೆ ಒಪ್ಪಬಾರದು? ಸಾಯುವುದರೊಳಗೆ ತಾನು ಮಾಡಬೇಕೆಂದಿರುವ ಕಾರ್ಯಗಳನ್ನೂ, ನೋಡಬೇಕೆಂದಿರುವ ಸ್ಥಳಗಳನ್ನೂ, ಕಲಿಯಬೇಕೆಂದಿರುವ ವಿದ್ಯೆಗಳನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳುವ ಪದ್ಧತಿಯೊಂದು ಈಗ ಲೋಕದಲ್ಲಿ ಹರಡಿದೆ. ಅದರ ವಿಷಯವಾಗಿ ಎರಡು ಮಾತು ಹೇಳಬೇಕೆಂದಿದ್ದೇನೆ.

ಈ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಬಕೆಟ್ ಲಿಸ್ಟ್’ ಎನ್ನುವರು. ‘ಬಕೆಟ್ಟನ್ನು ಒದೆಯುವುದು’ ಎಂದರೆ ಆ ಭಾಷೆಯ ಆಡುಮಾತಿನಲ್ಲಿ ಸಾಯುವುದೆಂದು ಅರ್ಥ. 2007ರಲ್ಲಿ ಅಮೇರಿಕೆಯಲ್ಲಿ ಇದೇ ಹೆಸರಿನ ಚಲನಚಿತ್ರವೊಂದು ಬಂದಿತು. ಮರಣವು ಸಮೀಪಿಸಿದ ಇಬ್ಬರು ರೋಗಿಗಳು ತಮ್ಮ ಆಶೆಗಳ ಪಟ್ಟಿಯನ್ನು ಬರೆದುಕೊಂಡು, ಅವುಗಳನ್ನು ಪೂರೈಸಲು ಹೊರಡುವುದು ಅದರ ಕಥೆ. ಅಂದಿನಿಂದ ಈ ಶಬ್ದವು ಎಲ್ಲ ದೇಶಗಳ ತರುಣರ ಬಾಯಲ್ಲಿಯೂ ನಲಿಯುತ್ತಿದೆ. ಶಬ್ದವು ಹೊಸತಾದರೂ ಆಚರಣೆಯು ಅದಕ್ಕಿಂತ ಹಳೆಯದು.

ಇಲ್ಲಿ ಕುಳಿತ ಹಿರಿಯರ ಮನಸ್ಸಿನಲ್ಲಿ ಒಂದು ಆಕ್ಷೇಪವು ಆಗಲೇ ಎದ್ದಿರಬಹುದು. “ಮಠಕ್ಕೆ ಬಂದವರಿಗೆ ಆಶೆಯನ್ನು ಅಳಿಯುವ ದಾರಿಯನ್ನು ಹೇಳಬೇಕಲ್ಲದೆ, ಆಶೆಗಳನ್ನು ಸಾಲುಸಾಲಾಗಿ ಬರೆಯಿರೆಂದು ಹೇಳುವುದುಂಟೆ?” ಎಂದು ಅವರು ಕೇಳಬಹುದು. ಈ ಆಕ್ಷೇಪವು ಯುಕ್ತವಾದುದೇ. ಆದರೆ ನನ್ನ ಅನುಭವದಲ್ಲಿ ಮನುಷ್ಯನನ್ನು ಹೆಚ್ಚಾಗಿ ಪೀಡಿಸುವುದು ಬರೆಯದೆ ಉಳಿದ ಆಶೆಯೇ. ಹೊಲದಲ್ಲಿ ಕಳೆಯು ಎಲ್ಲಿದೆ, ಪೈರು ಎಲ್ಲಿದೆ ಎಂಬುದು ಬೆಳಕಿನಲ್ಲಿ ನಿಂತು ನೋಡಿದಲ್ಲದೆ ತಿಳಿಯದು. ಹಾಗೆಯೇ ಮನಸ್ಸಿನಲ್ಲಿರುವುದನ್ನು ಕಾಗದಕ್ಕೆ ಇಳಿಸಿದಾಗ, ಇದು ನೆರೆಯವನನ್ನು ನೋಡಿ ಹುಟ್ಟಿದ ಹೊಟ್ಟೆಕಿಚ್ಚು, ಇದು ನಾಲಿಗೆಯ ಚಾಪಲ್ಯ, ಇದು ಮಾತ್ರ ನನ್ನ ಜೀವವು ನಿಜವಾಗಿ ಬಯಸಿದ್ದು ಎಂದು ವಿಂಗಡಿಸಲು ಬರುತ್ತದೆ. ಹತ್ತು ಆಶೆಗಳನ್ನು ಬರೆದವನು ಏಳನ್ನು ತಾನೇ ನಾಚಿಕೊಂಡು ಹೊಡೆದುಹಾಕುವನು. ಉಳಿದ ಮೂರು ಆಶೆಗಳಲ್ಲ, ಸಂಕಲ್ಪಗಳು. ಉಡುತಡಿಯಿಂದ ಹೊರಟು ಕಲ್ಯಾಣವನ್ನು ಹಾದು ಶ್ರೀಶೈಲವನ್ನು ಸೇರಿದ ಮಹಾತಾಯಿಯ ಪಯಣವನ್ನು ನೆನೆದರೆ, ದೃಢವಾದ ಒಂದು ಬಯಕೆಗೆ ಎಂಥ ಬಲವಿರುವುದೆಂದು ನಾನು ಈ ಸಭೆಗೆ ಹೇಳಬೇಕಾದುದಿಲ್ಲ.

ಇನ್ನು ಈ ಪದ್ಧತಿಗೆ ಪ್ರಸಿದ್ಧವಾದ ಉದಾಹರಣೆಯೊಂದನ್ನು ಹೇಳುತ್ತೇನೆ. 1940ನೆಯ ಇಸವಿಯಲ್ಲಿ ಅಮೇರಿಕೆಯ ಲಾಸ್ ಏಂಜಲೀಸ್ ನಗರದಲ್ಲಿ ಜಾನ್ ಗಾಡರ್ಡ್ ಎಂಬ ಹದಿನೈದು ವರ್ಷದ ಹುಡುಗನಿದ್ದನು. ಸುತ್ತಲಿನ ದೊಡ್ಡವರು, ಚಿಕ್ಕಂದಿನಲ್ಲಿ ಅದನ್ನು ಮಾಡಿದ್ದರೆ ಆಗುತ್ತಿತ್ತು, ಇದನ್ನು ಮಾಡಿದ್ದರೆ ಆಗುತ್ತಿತ್ತು ಎಂದು ಹಲುಬುವುದನ್ನು ಆತನು ಮೇಲಿಂದ ಮೇಲೆ ಕೇಳಿದ್ದನು. ತನಗೆ ಅಂಥ ಹಲುಬಾಟವು ಬೇಡವೆಂದು ನಿಶ್ಚಯಿಸಿ, ಹಳದಿ ಕಾಗದದ ಪುಸ್ತಕವೊಂದನ್ನು ತೆಗೆದುಕೊಂಡು, ‘ನನ್ನ ಬಾಳಿನ ಪಟ್ಟಿ’ ಎಂದು ಮೇಲೆ ಬರೆದು, ಅದರ ಕೆಳಗೆ 127 ಗುರಿಗಳನ್ನು ಬರೆದನು. ನೈಲ್, ಅಮೆಜಾನ್, ಕಾಂಗೋ ನದಿಗಳನ್ನು ಶೋಧಿಸಬೇಕು, ಕಿಲಿಮಂಜಾರೋ ಪರ್ವತವನ್ನು ಏರಬೇಕು, ತಾಜಮಹಲನ್ನು ನೋಡಬೇಕು, ಕೊಳಲನ್ನೂ ಪಿಟೀಲನ್ನೂ ನುಡಿಸಲು ಕಲಿಯಬೇಕು, ನಿಮಿಷಕ್ಕೆ 50 ಶಬ್ದ ಬೆರಳಚ್ಚು ಮಾಡಬೇಕು, ಡೆನ್ಮಾರ್ಕ್ ದೇಶದಲ್ಲಿ ತನ್ನ ಅಜ್ಜನು ಹುಟ್ಟಿದ ಊರಿಗೆ ಹೋಗಬೇಕು, ಚಂದ್ರಲೋಕಕ್ಕೆ ಹೋಗಿಬರಬೇಕು, ಇಪ್ಪತ್ತೊಂದನೆಯ ಶತಮಾನವನ್ನು ಕಣ್ಣಾರೆ ಕಾಣಬೇಕು. ಹೀಗೆ ಸಾಗಿತ್ತು ಆ ಹುಡುಗನ ಪಟ್ಟಿ.

ಮಕ್ಕಳು ಹೀಗೆ ಬರೆಯುವುದರಲ್ಲಿ ಸೋಜಿಗವಿಲ್ಲ. ಬರೆದ ಹುಡುಗನು ದೊಡ್ಡವನಾದ ಮೇಲೂ ಆ ಕಾಗದವನ್ನು ಎಸೆಯಲಿಲ್ಲವೆಂಬುದೇ ಸೋಜಿಗ. 1950ರಲ್ಲಿ ಹೊರಟು, ಇಬ್ಬರು ಫ್ರೆಂಚ್ ಸಂಗಡಿಗರೊಡನೆ ಚಿಕ್ಕ ಕಾಯಕ್ ದೋಣಿಗಳಲ್ಲಿ ಕುಳಿತು, 6,500 ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ನೈಲ್ ನದಿಯ ಜಾಡನ್ನು ಹಿಡಿದು ಸಮುದ್ರದ ವರೆಗೆ ಸಾಗಿದನು. 1956ರಲ್ಲಿ ಕಾಂಗೋ ನದಿಗೆ ಇಳಿದನು. ಆ ಪ್ರಯಾಣದಲ್ಲಿ ಜಾಕ್ ಯೊವೆಲ್ ಎಂಬ ಅವನ ಜೊತೆಗಾರನು ನದಿಯ ಸೆಳವಿಗೆ ಸಿಕ್ಕಿ ಮೃತನಾದನು. ಸಾಹಸಗಳ ಕಥೆಯನ್ನು ಹೇಳುವವರು ಈ ಸಾವನ್ನು ಮರೆಯಬಾರದು. ಪಟ್ಟಿಯಲ್ಲಿ ಒಂದು ಗೆರೆಯನ್ನು ಹೊಡೆಯುವುದಕ್ಕೆ ತೆರಬೇಕಾದ ಬೆಲೆಯು ಕೆಲವು ವೇಳೆ ಅಷ್ಟು ದೊಡ್ಡದಾಗಿರುತ್ತದೆ. ತನ್ನ ಜೀವವನ್ನು ಮಾತ್ರವಲ್ಲ, ತನ್ನ ಸಂಗಡ ಬಂದವನ ಜೀವವನ್ನೂ ಮೊದಲೇ ತೂಗಿ ನೋಡುವುದು ಆಶೆ ಹೊತ್ತವನ ಧರ್ಮ.

ಗಾಡರ್ಡನು 2013ರಲ್ಲಿ ತನ್ನ 88ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಷ್ಟರಲ್ಲಿ 127ರ ಪೈಕಿ ನೂರಕ್ಕೂ ಹೆಚ್ಚು ಗುರಿಗಳು ಪೂರೈಸಿದ್ದವು. ಎವರೆಸ್ಟ್ ಶಿಖರವು ಹಾಗೆಯೇ ಉಳಿಯಿತು, ಚಂದ್ರನೂ ಉಳಿದನು. ಶತಮಾನದ ಆಶೆಯು ಮಾತ್ರ ಕೈಗೂಡಿತು. ಆ ಪಟ್ಟಿಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದುದು ನದಿಯೂ ಅಲ್ಲ, ಪರ್ವತವೂ ಅಲ್ಲ. ಮಹಾಸಾಹಸಗಳ ನಡುವೆ ಬೆರಳಚ್ಚಿನಂಥ ಸಣ್ಣ ವಿದ್ಯೆಗೂ, ಅಜ್ಜನ ಊರಿಗೂ ಆ ಹುಡುಗನು ಒಂದೊಂದು ಸಾಲನ್ನು ಕೊಟ್ಟಿದ್ದನಲ್ಲ, ಅದು.

ಈಗ ನನ್ನ ಮನೆಯ ಒಂದು ಸಂಗತಿಯನ್ನು ಹೇಳುವುದಕ್ಕೆ ಸಭೆಯು ಅನುಮತಿ ಕೊಡಬೇಕು. ನನ್ನ ತಂದೆಯವರು ಹುಬ್ಬಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ ಅರಳೆಯ ಅಡತಿ ಅಂಗಡಿಯ ಲೆಕ್ಕ ಬರೆಯುತ್ತ ಬಾಳಿದವರು. ಅವರು ಲಿಂಗೈಕ್ಯರಾದ ಮೇಲೆ ಅವರ ಹಳೆಯ ಲೆಕ್ಕದ ವಹಿಗಳನ್ನು ನಾನು ತೆಗೆದು ನೋಡುತ್ತಿದ್ದೆ. ಒಂದರ ಕೊನೆಯ ಪುಟದಲ್ಲಿ ನಾಲ್ಕು ಸಾಲುಗಳಿದ್ದವು. ಬಾವಿಗೆ ಕಲ್ಲು ಕಟ್ಟಿಸುವುದು. ಹುಡುಗನ ಓದು ಮುಗಿಸುವುದು. ಮಗಳ ಮದುವೆ. ಈ ಮೂರಕ್ಕೂ ಗೆರೆ ಎಳೆದಿತ್ತು. ನಾಲ್ಕನೆಯದು, “ಸಮುದ್ರ ನೋಡುವುದು” ಎಂದಿತ್ತು. ಅದಕ್ಕೆ ಗೆರೆ ಇರಲಿಲ್ಲ.

ಮಹನೀಯರೇ, ಆ ನಾಲ್ಕು ಸಾಲುಗಳ ಮುಂದೆ ನಾನು ಎಷ್ಟು ಹೊತ್ತು ಕುಳಿತೆನೋ ನನಗೆ ತಿಳಿಯದು. ಏಕೆಂದರೆ ಮೂರು ವರ್ಷ ನಾನು ಕಾರವಾರದಲ್ಲಿಯೇ ನೌಕರಿಯಲ್ಲಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಕಡಲ ದಂಡೆಯಲ್ಲಿಯೇ ನಡೆದು ಮನೆಗೆ ಹೋಗುತ್ತಿದ್ದೆ. ಹುಬ್ಬಳ್ಳಿಯಿಂದ ಅಲ್ಲಿಗೆ ಘಟ್ಟವಿಳಿದು ಬರಲು ಮೋಟಾರಿನಲ್ಲಿ ಒಂದು ಹಗಲು ಸಾಕು. “ಒಮ್ಮೆ ಬನ್ನಿರಿ” ಎಂದು ನಾನು ಕಾಗದ ಬರೆದೆ; “ಸುಗ್ಗಿ ಮುಗಿಯಲಿ” ಎಂದು ಅವರು ಉತ್ತರ ಬರೆದರು. ಸುಗ್ಗಿ ಮುಗಿಯಿತು, ಮತ್ತೆ ಬಂದಿತು; ನನಗೆ ವರ್ಗವಾಯಿತು. ಅವರು ಬಾರದಿದ್ದುದು ಸಂಕೋಚದಿಂದ, ನಾನು ಒತ್ತಾಯ ಮಾಡದಿದ್ದುದು ಆಲಸ್ಯದಿಂದ. ಬಾವಿಯನ್ನೂ ಓದನ್ನೂ ಮದುವೆಯನ್ನೂ ಮುಂದೆ ಮಾಡಿ, ತಮ್ಮದೊಂದನ್ನು ಕೊನೆಗೆ ಇಟ್ಟುಕೊಂಡ ಆ ಹಿರಿಯರಿಗೆ ನಾನು ಕೊಡಬೇಕಾಗಿದ್ದುದು ಎರಡು ದಿವಸ ಮಾತ್ರ. ಪಟ್ಟಿಯನ್ನು ಅವರು ಬರೆದಿದ್ದರು, ಆದರೆ ಯಾರಿಗೂ ತೋರಿಸಿರಲಿಲ್ಲ. ನಾನಾದರೋ ಕೇಳಿರಲಿಲ್ಲ. ಇಂದು ನಾನು ಈ ವಿಷಯವನ್ನೇ ಆರಿಸಿಕೊಂಡುದರ ಕಾರಣವು ಇದು.

ಮುಂದೆ ನಾನು ಓದಿದ ಕೆಲವು ಸಂಶೋಧನೆಗಳು ಈ ಸಂಗತಿಯು ನನ್ನೊಬ್ಬನದಲ್ಲವೆಂದು ತೋರಿಸಿಕೊಟ್ಟವು. ಅಮೇರಿಕೆಯ ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬವರು ಪಶ್ಚಾತ್ತಾಪದ ಸ್ವರೂಪವನ್ನು ವಿಚಾರಿಸಿ 1994 ಮತ್ತು 1995ರಲ್ಲಿ ಲೇಖನಗಳನ್ನು ಪ್ರಕಟಿಸಿದರು. ಹತ್ತಿರದ ದಿನಗಳಲ್ಲಿ ಮನುಷ್ಯನು ತಾನು ಮಾಡಿದ ತಪ್ಪುಗಳಿಗಾಗಿ ಮರುಗುತ್ತಾನೆ. ಆದರೆ ಇಡೀ ಬಾಳನ್ನು ಹಿಂದಿರುಗಿ ನೋಡುವಾಗ ಮಾಡದೆ ಬಿಟ್ಟ ಕಾರ್ಯಗಳಿಗಾಗಿಯೇ ಹೆಚ್ಚು ಮರುಗುತ್ತಾನೆ ಎಂಬುದು ಅವರು ಕಂಡ ಸತ್ಯ. ಮಾಡಿದ ತಪ್ಪನ್ನು ತಿದ್ದಿಕೊಳ್ಳಬಹುದು, ಕ್ಷಮೆ ಬೇಡಬಹುದು. ಮಾಡದೆ ಉಳಿದುದಕ್ಕೆ ಮಾತ್ರ ಮುಕ್ತಾಯವೇ ಇಲ್ಲ.

2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರಾದ ಡಾಕ್ಟರ್ ಪೆರಿಯಕೋಯಿಲ್ ಮತ್ತು ಅವರ ಸಂಗಡಿಗರು ಅಮೇರಿಕೆಯ ಸುಮಾರು 3,000 ಜನರನ್ನು ವಿಚಾರಿಸಿದ ಸಂಶೋಧನೆಯೊಂದನ್ನು ಪ್ರಕಟಿಸಿದರು. ನೂರಕ್ಕೆ 91 ಜನರಿಗೆ ಇಂಥ ಆಶೆಗಳ ಪಟ್ಟಿಯಿತ್ತು. ನೂರಕ್ಕೆ 78ರಷ್ಟು ಜನರು ಪ್ರವಾಸವನ್ನು ಹೇಳಿದರು. ಹೆಚ್ಚು ಕಡಿಮೆ ಅಷ್ಟೇ ಜನರು ತಮ್ಮದೊಂದು ಸ್ವಂತ ಸಾಧನೆಯನ್ನು ಹೇಳಿದರು. ಕುಟುಂಬದವರೊಡನೆ, ಗೆಳೆಯರೊಡನೆ ಹಿತವಾಗಿ ಕಾಲ ಕಳೆಯಬೇಕೆಂದವರು ನೂರಕ್ಕೆ ಸುಮಾರು 17 ಮಾತ್ರ. ರೋಗಿಗಳ ಚಿಕಿತ್ಸೆಯನ್ನು ಗೊತ್ತುಮಾಡುವ ಮೊದಲು ವೈದ್ಯರು ಅವರ ಪಟ್ಟಿಯನ್ನು ಕೇಳಿ ತಿಳಿಯುವುದು ಒಳಿತು ಎಂಬುದು ಆ ವೈದ್ಯರ ಸಲಹೆ. ಒಂದು ಔಷಧವು ಮೊಮ್ಮಗಳ ಮದುವೆಗೆ ಹೋಗುವ ಶಕ್ತಿಯನ್ನು ಕುಂದಿಸುವುದಾದರೆ ರೋಗಿಯು ಅದನ್ನು ಮೊದಲೇ ತಿಳಿದಿರಬೇಕಲ್ಲವೆ? ವೈದ್ಯನು ಕೇಳಬೇಕಾದ ಈ ಪ್ರಶ್ನೆಯನ್ನು ಮಕ್ಕಳು ತಂದೆತಾಯಿಗಳಿಗೆ ಕೇಳಲು ರೋಗವೇ ಬರಬೇಕೆಂಬುದೇನೂ ಇಲ್ಲ.

“ಇದೆಲ್ಲ ಹಣವುಳ್ಳವರ ಮಾತು” ಎಂದು ಕೆಲವರು ಹೇಳುವರು. ಅಂಥವರಿಗೆ ಕೇರಳದ ಕೊಚ್ಚಿಯಲ್ಲಿ ಚಹದ ಅಂಗಡಿಯನ್ನಿಟ್ಟಿದ್ದ ವಿಜಯನ್ ಮತ್ತು ಅವರ ಪತ್ನಿ ಮೋಹನಾ ಎಂಬವರ ವೃತ್ತಾಂತವನ್ನು ನಾನು ಹೇಳುವೆನು. ಚಿಕ್ಕಂದಿನಿಂದ ಲೋಕವನ್ನು ನೋಡಬೇಕೆಂಬ ಹಂಬಲವು ವಿಜಯನ್ನರಿಗೆ ಇತ್ತು. ದಂಪತಿಗಳು ದಿನದ ಗಳಿಕೆಯಲ್ಲಿ 300 ರೂಪಾಯಿಗಳನ್ನು ಬೇರೆ ತೆಗೆದಿಡುತ್ತಿದ್ದರು. ಸಾಲದ್ದಕ್ಕೆ ಸಾಲ ತೆಗೆದು ಪ್ರವಾಸ ಮಾಡಿ, ಹಿಂದಿರುಗಿ ಬಂದು ಚಹ ಮಾರಿ ಸಾಲವನ್ನು ತೀರಿಸಿ, ತೀರಿದ ಮೇಲೆ ಮತ್ತೆ ಹೊರಡುತ್ತಿದ್ದರು. ಹೀಗೆ 2007ರಿಂದ ಮೊದಲ್ಗೊಂಡು 25ಕ್ಕೂ ಹೆಚ್ಚು ದೇಶಗಳನ್ನು ಇಬ್ಬರೂ ಜೊತೆಯಾಗಿ ನೋಡಿದರು. 2021ರ ಅಕ್ಟೋಬರಿನಲ್ಲಿ ರಷ್ಯಾ ದೇಶಕ್ಕೆ ಹೋಗಿಬಂದರು. ಮರುತಿಂಗಳು ವಿಜಯನ್ನರು ತೀರಿಕೊಂಡರು. ಸಾಲ ಮಾಡಿ ತಿರುಗಿರೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿದಿನದ ಕಾಯಕದಲ್ಲಿ ಒಂದು ಪಾಲನ್ನು ನಿಯಮದಿಂದ ಎತ್ತಿಡುವ ಆ ಶಿಸ್ತು ಎಲ್ಲರಿಗೂ ಕಲಿಯತಕ್ಕದ್ದಾಗಿದೆ.

“ವಯಸ್ಸು ಮೀರಿತು” ಎನ್ನುವವರಿಗೂ ಕೇರಳದಿಂದಲೇ ಉತ್ತರವುಂಟು. ಅಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ ಎಂಬ ವೃದ್ಧೆಯು 2018ರಲ್ಲಿ, ತನ್ನ 96ನೆಯ ವಯಸ್ಸಿನಲ್ಲಿ, ರಾಜ್ಯದ ಸಾಕ್ಷರತಾ ಪರೀಕ್ಷೆಗೆ ಕುಳಿತು 100ಕ್ಕೆ 98 ಅಂಕಗಳನ್ನು ಪಡೆದು ಮೊದಲಿಗಳಾದಳು. ಅಷ್ಟಕ್ಕೇ ತೃಪ್ತಳಾಗದೆ ಗಣಕಯಂತ್ರವನ್ನೂ ಕಲಿಯಬೇಕೆಂದಳು. 2023ರಲ್ಲಿ, ನೂರು ದಾಟಿದ ಮೇಲೆ, ಆ ತಾಯಿಯು ಕಾಲವಾದಳು. “ಸಂಸಾರದ ಹೊರೆಯಿದೆ” ಎನ್ನುವ ತಾಯಂದಿರು ಜಮಶೇಡಪುರದ ಪ್ರೇಮಲತಾ ಅಗ್ರವಾಲರನ್ನು ನೆನೆಯಬಹುದು. ಮಕ್ಕಳ ತಾಯಿಯಾದ ಆಕೆ ಮೂವತ್ತೈದು ವರ್ಷಗಳಾದ ಮೇಲೆ ಬೆಟ್ಟ ಹತ್ತುವುದನ್ನು ಕಲಿತು, 2011ರಲ್ಲಿ 48ನೆಯ ವಯಸ್ಸಿನಲ್ಲಿ ಎವರೆಸ್ಟ್ ಶಿಖರವನ್ನು ಏರಿದರು. 2013ರ ಹೊತ್ತಿಗೆ ಏಳು ಖಂಡಗಳ ಅತ್ಯುನ್ನತ ಶಿಖರಗಳನ್ನೂ ಏರಿ ಮುಗಿಸಿದರು.

ಎಲ್ಲರೂ ಎವರೆಸ್ಟನ್ನು ಏರಲಾರರು, ಏರಬೇಕಾದುದೂ ಇಲ್ಲ. ವಿಜಾಪುರದ ಸಮೀಪದಲ್ಲಿಯೇ ಹುಟ್ಟಿ ಬೆಳೆದು ಗೋಳಗುಮ್ಮಟದ ಒಳಗೆ ಒಮ್ಮೆಯೂ ಕಾಲಿಡದವರನ್ನು ನಾನು ಬಲ್ಲೆ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನು ಮುಂದಿನ ವರ್ಷ ನೋಡೋಣವೆಂದು ಇಪ್ಪತ್ತು ವರ್ಷ ಮುಂದೂಡಿದವರನ್ನೂ ಬಲ್ಲೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವು 1,930 ಮೀಟರುಗಳಷ್ಟೆ. ಮನಸ್ಸು ಮಾಡಿದರೆ ಶಾಲೆಯ ಹುಡುಗರೂ ಏರಬಲ್ಲರು.

ಇಂಥ ಪಟ್ಟಿಯನ್ನು ಬರೆಯುವುದು ಹೇಗೆಂಬ ವಿಷಯದಲ್ಲಿ ನಾಲ್ಕು ಸೂಚನೆಗಳನ್ನು ಮಾಡುತ್ತೇನೆ. ಮೊದಲನೆಯದಾಗಿ, ಪಟ್ಟಿಯು ಕಿರಿದಾಗಿರಲಿ. ನೂರಿಪ್ಪತ್ತೇಳು ಹದಿನೈದರ ಹುಡುಗನಿಗೆ ಸರಿ. ನಮಗೆ ಹತ್ತು ಸಾಕು. ಎರಡನೆಯದಾಗಿ, ಅದರಲ್ಲಿ ಒಂದಾದರೂ ಈ ತಿಂಗಳಲ್ಲಿಯೇ ಆಗತಕ್ಕದ್ದಾಗಿರಲಿ. ಒಂದು ಗೆರೆ ಎಳೆದ ಕೈಗೆ ಮುಂದಿನದಕ್ಕೆ ಧೈರ್ಯ ಬರುತ್ತದೆ. ಮೂರನೆಯದಾಗಿ, ಅರ್ಧದಷ್ಟಾದರೂ ಆಶೆಗಳಲ್ಲಿ ಇನ್ನೊಬ್ಬರ ಹೆಸರಿರಲಿ. ಯಾರನ್ನು ನೋಡಬೇಕು, ಯಾರಿಗೆ ತೋರಿಸಬೇಕು, ಯಾರ ಋಣವನ್ನು ತೀರಿಸಬೇಕು, ಯಾರಲ್ಲಿ ಕ್ಷಮೆ ಕೇಳಬೇಕು ಎಂಬುದೂ ಬಾಳಿನ ಆಶೆಯೇ. ನಾಲ್ಕನೆಯದಾಗಿ, ಆಗಾಗ ತೆಗೆದು ನೋಡುವ ನಿಯಮವಿರಲಿ. ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಪ್ರಸಿದ್ಧ ಪುರುಷನು ತರುಣನಾಗಿದ್ದಾಗ ಹದಿಮೂರು ಸದ್ಗುಣಗಳ ಪಟ್ಟಿಯನ್ನು ಮಾಡಿ, ಒಂದೊಂದಕ್ಕೆ ಪುಸ್ತಕದಲ್ಲಿ ಒಂದೊಂದು ಪುಟವನ್ನು ಮೀಸಲಿಟ್ಟು, ದಿನದ ತಪ್ಪುಗಳಿಗೆ ಕಪ್ಪು ಚುಕ್ಕೆಗಳನ್ನು ಇಡುತ್ತಿದ್ದನು. ತಾನು ಪರಿಪೂರ್ಣತೆಯನ್ನು ಮುಟ್ಟಲಿಲ್ಲ, ಆದರೆ ಆ ಪ್ರಯತ್ನದಿಂದ ಮೊದಲಿಗಿಂತ ಉತ್ತಮನೂ ಸುಖಿಯೂ ಆದೆನೆಂದು ತನ್ನ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾನೆ. ಪೂರೈಸದ ಪಟ್ಟಿಯೂ ವ್ಯರ್ಥವಲ್ಲವೆಂಬುದಕ್ಕೆ ಇದು ಸಾಕ್ಷಿ.

ಕೊನೆಯದಾಗಿ ಇನ್ನೊಂದು ಮಾತನ್ನು ಹೇಳಿ ಮುಗಿಸುವೆನು. ತಂದೆಯವರ ವಹಿಯನ್ನು ನೋಡಿದ ಮೇಲೆ ನಾನು ನಮ್ಮ ತಾಯಿಯ ಬಳಿ ಹೋಗಿ, “ಅವ್ವಾ, ನಿನಗೇನು ಆಶೆಯಿದೆ?” ಎಂದು ಕೇಳಿದೆನು. “ನನಗೇನಪ್ಪಾ ಆಶೆ” ಎಂದು ಆಕೆ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ನಾನು ಏಳಲಿಲ್ಲ. ಬಹಳ ಹೊತ್ತಾದ ಮೇಲೆ, ತವರಿನ ಗೆಳತಿಯೊಬ್ಬಳನ್ನು ನೋಡದೆ ನಾಲ್ವತ್ತು ವರ್ಷವಾಯಿತು, ಇದ್ದಾಳೋ ಇಲ್ಲವೋ ಎಂದಳು. ಆ ಊರು ನಮ್ಮಲ್ಲಿಂದ ನಾಲ್ಕು ಹರದಾರಿ. ಮರುದಿನವೇ ಹೊರಟೆವು. ಗೆಳತಿಯು ಇದ್ದಳು, ಕಣ್ಣು ಕಾಣುತ್ತಿರಲಿಲ್ಲ, ದನಿಯಿಂದಲೇ ಗುರುತು ಹಿಡಿದಳು. ಹುಡುಗಿಯರಾಗಿದ್ದಾಗ ಹಿತ್ತಾಳೆಯ ಕೊಡವನ್ನು ಬಾವಿಗೆ ಬೀಳಿಸಿದವರು ಯಾರೆಂಬ ಜಗಳವನ್ನು ಇಬ್ಬರೂ ಸಂಜೆಯ ವರೆಗೆ ಆಡಿದರು; ಅದು ತೀರ್ಮಾನವಾಗಲಿಲ್ಲ. ಹಿಂದಿರುಗುವಾಗ ನಮ್ಮ ತಾಯಿಯು ದಾರಿಯುದ್ದಕ್ಕೂ ನಗುತ್ತಿದ್ದಳು. ಅಂದಿನ ಖರ್ಚು ಮೋಟಾರಿನ ಬಾಡಿಗೆ, ಒಂದು ಸೀರೆ, ಒಂದು ಡಜನ್ ಬಾಳೆಹಣ್ಣು. ಆ ಲೆಕ್ಕವನ್ನು ನಾನು ತಂದೆಯವರ ವಹಿಯ ಅದೇ ಕೊನೆಯ ಪುಟದಲ್ಲಿ, ಆ ನಾಲ್ಕನೆಯ ಸಾಲಿನ ಕೆಳಗೆ ಬರೆದಿಟ್ಟಿದ್ದೇನೆ. ಮೇಲಿನ ಸಾಲಿಗೆ ಗೆರೆ ಎಳೆಯುವ ಅಧಿಕಾರವು ನನಗಿಲ್ಲ.

ಸದ್ಭಕ್ತರೇ, ಈ ರಾತ್ರಿ ಮಹಾಪ್ರಸಾದವನ್ನು ಸ್ವೀಕರಿಸಿ ಮನೆಗೆ ಹೋದ ಮೇಲೆ ನೀವು ನಿಮ್ಮ ಪಟ್ಟಿಯನ್ನು ಬರೆಯಿರಿ. ಆದರೆ ಅದಕ್ಕಿಂತ ಮೊದಲು ಮನೆಯಲ್ಲಿರುವ ಹಿರಿಯರ ಬಳಿ ಕುಳಿತು ಅವರ ಪಟ್ಟಿಯನ್ನು ಕೇಳಿರಿ. ಮೊದಲ ಸಲ ಏನೂ ಇಲ್ಲವೆನ್ನುವರು, ಎದ್ದುಹೋಗದೆ ಕುಳಿತಿರಿ.